ಗಾಳಿಯ ಜಾಡು ಹಿಡಿದ ಮೂರು ಶತಮಾನ

ಜೂನ್ ತಿಂಗಳಲ್ಲಿ ನಮ್ಮ ಕರಾವಳಿಗೆ ಮಳೆ ತರುವ ಗಾಳಿಯ ದಾರಿ ಬಲು ದೂರದ್ದು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಮ್ಯಾಸ್ಕರೀನ್ ದ್ವೀಪಗಳ ಆಸುಪಾಸಿನ ಅಧಿಕ ಒತ್ತಡದ ವಲಯದಿಂದ ಅದು ಹೊರಡುತ್ತದೆ. ಸಮಭಾಜಕ ವೃತ್ತ ದಾಟಿ, ಪೂರ್ವ ಆಫ್ರಿಕದ ಎತ್ತರದ ನೆಲದ ಮಗ್ಗುಲಲ್ಲೇ ಸಾಗಿ, ಅರಬ್ಬೀ ಸಮುದ್ರದ ತೇವ ಹೊತ್ತು ಪಶ್ಚಿಮ ಘಟ್ಟಕ್ಕೆ ಬಂದು ತಾಗುತ್ತದೆ. ಒಂದೂರಿನ ಮಳೆ ಆ ಊರಿನ ಆಕಾಶದಲ್ಲೇ ತೀರ್ಮಾನವಾಗುವುದಿಲ್ಲ. ಇದನ್ನು ಅರಿಯಲು ವಿಜ್ಞಾನಕ್ಕೆ ಸುಮಾರು ಮುನ್ನೂರು ವರ್ಷ ಬೇಕಾಯಿತು. ದೂರದೂರದ ದಾಖಲೆಗಳನ್ನು ಜೊತೆಗಿಟ್ಟು ನೋಡಿದಾಗಲೆಲ್ಲ ಈ ಶಾಸ್ತ್ರ ಮುಂದೆ ಸಾಗಿದೆ.

ಮೊದಲ ದಾಖಲೆಗಳು ನಾವಿಕರವು. ಅವುಗಳನ್ನು ಕಲೆಹಾಕಿ ಎಡ್ಮಂಡ್ ಹ್ಯಾಲಿ 1686ರಲ್ಲಿ ಉಷ್ಣವಲಯದ ಸಾಗರಗಳ ಮೇಲಿನ ಗಾಳಿಗಳ ನಕ್ಷೆ ಪ್ರಕಟಿಸಿದರು. ಕಾದ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ತಂಪು ಗಾಳಿ ನುಗ್ಗುತ್ತದೆ ಎಂಬುದು ಅವರ ವಿವರಣೆ. ಆದರೆ ಸಮಭಾಜಕದತ್ತ ಬೀಸುವ ವಾಣಿಜ್ಯ ಮಾರುತಗಳು ಪಶ್ಚಿಮಕ್ಕೇ ಏಕೆ ವಾಲುತ್ತವೆ? ಭೂಮಿಯ ತಿರುಗುವಿಕೆಯೇ ಕಾರಣವೆಂದು 1735ರಲ್ಲಿ ಜಾರ್ಜ್ ಹ್ಯಾಡ್ಲಿ ಹೇಳಿದರು. ಅವರ ವಾದದಲ್ಲಿದ್ದ ಕೊರತೆಯನ್ನು ತುಂಬಿ, ಮಧ್ಯ ಅಕ್ಷಾಂಶಗಳ ಪಶ್ಚಿಮ ಮಾರುತಗಳಿಗೂ ವಿವರಣೆ ಹುಡುಕಿದವರು ಅಮೆರಿಕದ ಶಾಲಾ ಶಿಕ್ಷಕ ವಿಲಿಯಂ ಫೆರೆಲ್, ಅದು 1856ರಲ್ಲಿ.

ಇದರಿಂದ ಭೂಪಟದ ಬಣ್ಣಗಳಿಗೇ ಅರ್ಥ ಸಿಕ್ಕಿತು. ಸಮಭಾಜಕದ ಬಳಿ ಮೇಲೇರುವ ಗಾಳಿ ಅಲ್ಲೇ ಮಳೆ ಸುರಿಸುವುದರಿಂದ ಕಾಂಗೊ, ಅಮೆಜಾನ್ ಕಾಡುಗಳು ಹಸಿರಾಗಿವೆ. ತೇವ ಕಳೆದುಕೊಂಡ ಅದೇ ಗಾಳಿ ಸುಮಾರು 30 ಡಿಗ್ರಿ ಅಕ್ಷಾಂಶದಲ್ಲಿ ಕೆಳಗಿಳಿಯುತ್ತದೆ; ಈ ಸುತ್ತಿಗೆ ಹ್ಯಾಡ್ಲಿ ಸುತ್ತು ಎಂದೇ ಹೆಸರು. ಸಹಾರಾ, ಅರೇಬಿಯ, ಆಸ್ಟ್ರೇಲಿಯದ ಮರುಭೂಮಿಗಳು ಅಲ್ಲಿವೆ.

ಮುಂದಿನ ಪ್ರಶ್ನೆ ಹಸಿವಿನಿಂದ ಹುಟ್ಟಿತು. 1876-78ರ ಬರ ಮೈಸೂರು ಸೀಮೆಯೂ ಸೇರಿ ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜೀವಗಳನ್ನು ಬಲಿ ತೆಗೆದುಕೊಂಡಿತು. ಮಳೆಯನ್ನು ಮೊದಲೇ ತಿಳಿಯುವುದು ಆಗಷ್ಟೇ ಶುರುವಾಗಿದ್ದ ಭಾರತೀಯ ಹವಾಮಾನ ಇಲಾಖೆಯ ಹೊಣೆಯಾಯಿತು. ಹಿಮಾಲಯದ ಹಿಮಕ್ಕೂ ಮುಂಗಾರಿಗೂ ನಂಟಿದೆಯೆಂದು ಹೆನ್ರಿ ಬ್ಲ್ಯಾನ್‌ಫೋರ್ಡ್ 1884ರಲ್ಲಿ ಬರೆದರು. 1904ರಲ್ಲಿ ಇಲಾಖೆಯ ಮುಖ್ಯಸ್ಥರಾದ ಗಣಿತಜ್ಞ ಗಿಲ್ಬರ್ಟ್ ವಾಕರ್ ಇಡೀ ಜಗತ್ತಿನ ಒತ್ತಡ, ತಾಪ, ಮಳೆಯ ಅಂಕಿಗಳನ್ನು ಹೋಲಿಸಿ ನೋಡಿದರು. ಪೆಸಿಫಿಕ್ ಸಾಗರದ ಮೇಲೆ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಮೇಲೆ ಇಳಿಯುತ್ತಿತ್ತು, ತಕ್ಕಡಿಯ ಎರಡು ತಟ್ಟೆಗಳ ಹಾಗೆ. 1924ರಲ್ಲಿ ಅದಕ್ಕೆ ಅವರು 'ದಕ್ಷಿಣ ಆಂದೋಲನ' ಎಂಬ ಹೆಸರಿಟ್ಟರು. ಅದರ ಕಾರಣವನ್ನು ತೋರಿಸಲು ಅವರಿಂದ ಆಗಲಿಲ್ಲ. 1969ರಲ್ಲಿ ಜೇಕಬ್ ಬ್ಯರ್ಕ್ನೆಸ್ ಇದನ್ನು ಎಲ್ ನಿನೊ, ಅಂದರೆ ಪೂರ್ವ ಪೆಸಿಫಿಕ್‌ನ ನೀರು ಆಗಾಗ ಕಾಯುವ ವಿದ್ಯಮಾನದ ಜೊತೆ ಜೋಡಿಸಿ, ಪೆಸಿಫಿಕ್‌ನ ನೀರಿನ ತಾಪವೂ ಗಾಳಿಯ ಸುತ್ತೂ ಒಂದನ್ನೊಂದು ಬಲಪಡಿಸುತ್ತವೆ ಎಂದು ವಿವರಿಸಿದರು.

ಈ ನಡುವೆ ನೋಟ ಮೇಲಕ್ಕೂ ಹರಿದಿತ್ತು. ಎತ್ತರದಲ್ಲಿ ಬೀಸುವ ಪ್ರಬಲ ಗಾಳಿಹೊಳೆಗಳನ್ನು, ಅಂದರೆ ಜೆಟ್ ಪ್ರವಾಹಗಳನ್ನು, ಜಪಾನಿನ ವಾಸಾಬುರೊ ಓಯಿಶಿ 1920ರ ದಶಕದಲ್ಲಿ ಬಲೂನ್ ಹಾರಿಸಿ ದಾಖಲಿಸಿದರು. ಮುಂಗಾರಿನ ಕಾಲದಲ್ಲಿ ಭಾರತದ ಮೇಲೆ ಪೂರ್ವದಿಂದ ಹರಿಯುವ ಜೆಟ್ ಅನ್ನು ಪಿ. ಕೋಟೇಶ್ವರಂ 1958ರಲ್ಲಿ ವಿವರಿಸಿದರು. ಅಷ್ಟರಲ್ಲಿ ಲೆಕ್ಕದ ದಾರಿಯೂ ತೆರೆದಿತ್ತು: 1956ರಲ್ಲಿ ನಾರ್ಮನ್ ಫಿಲಿಪ್ಸ್ ವಾಯುಚಲನೆಯನ್ನು ಕಂಪ್ಯೂಟರಿನೊಳಗೇ ಮೂಡಿಸಿ ತೋರಿಸಿದ್ದರು.

ಮುಂಗಾರಿನ ತಿಳಿವಳಿಕೆಗೆ ದೊಡ್ಡ ತಿರುವು 1980ರಲ್ಲಿ ಬಂತು. ಡಿ. ಆರ್. ಸಿಕ್ಕಾ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಉಪಗ್ರಹ ಚಿತ್ರಗಳಲ್ಲಿ ಮೋಡಪಟ್ಟಿಯ ನಡೆಯನ್ನು ದಿನದಿನವೂ ಹಿಂಬಾಲಿಸಿದರು. ಮುಂಗಾರು ಬರೀ ನೆಲ-ಕಡಲುಗಳ ತಾಪದ ಅಂತರದಿಂದ ಹುಟ್ಟುವ ದೊಡ್ಡ ಕಡಲಗಾಳಿ ಎಂಬ ಹಳೆಯ ಕಲ್ಪನೆ ಅಲ್ಲಿ ಸಡಿಲವಾಯಿತು. ಭೂಮಿಯನ್ನು ಸುತ್ತುವರಿದ ಉಷ್ಣವಲಯದ ಮಳೆಪಟ್ಟಿಯೇ ಉತ್ತರಾರ್ಧಗೋಳದ ಬೇಸಿಗೆಯಲ್ಲಿ ಉತ್ತರಕ್ಕೆ ಸರಿದು ನಮ್ಮ ನೆಲದ ಮೇಲೆ ಬರುತ್ತದೆ. ಸಮಭಾಜಕದ ಕಡಲಿನಿಂದ ಹೊಸ ಪಟ್ಟಿಗಳು ಮತ್ತೆ ಮತ್ತೆ ಉತ್ತರಕ್ಕೆ ಸಾಗುತ್ತವೆ. ಮಳೆಯ ಬಿಡುವನ್ನೂ ಮರುಕಳಿಕೆಯನ್ನೂ ಒಟ್ಟಿಗೆ ಯೋಚಿಸಲು ಇದರಿಂದ ದಾರಿಯಾಯಿತು.

ಆದರೂ ಗಾಳಿ ಲೆಕ್ಕ ಮೀರುವುದುಂಟು. ಎಲ್ ನಿನೊ ವರ್ಷಗಳಲ್ಲಿ ಮುಂಗಾರು ಸಾಮಾನ್ಯವಾಗಿ ಸೊರಗುತ್ತದೆ. 1997ರಲ್ಲಿ ಎಲ್ ನಿನೊ ಅತ್ಯಂತ ಪ್ರಬಲವಾಗಿದ್ದರೂ ಭಾರತದ ಮುಂಗಾರು ಕೈಕೊಡಲಿಲ್ಲ. ಎರಡು ವರ್ಷಗಳ ನಂತರ, ಹಿಂದೂ ಮಹಾಸಾಗರಕ್ಕೂ ನೀರಿನ ತಾಪದಲ್ಲಿ ತನ್ನದೇ ಪೂರ್ವ-ಪಶ್ಚಿಮ ಏರಿಳಿತವಿದೆ ಎಂದು ಸಂಶೋಧಕರು ತೋರಿಸಿದರು.

ಇಂದು ಪ್ರಶ್ನೆ ಇನ್ನೂ ಕಠಿಣವಾಗಿದೆ. ತಾಪ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇಕಡ 7ರಷ್ಟು ಹೆಚ್ಚು ತೇವ ಹಿಡಿದಿಡಬಲ್ಲದು. ಆ ತೇವ ಎಲ್ಲಿ, ಯಾವಾಗ ಸುರಿಯುತ್ತದೆ ಎಂಬುದು ಮಾತ್ರ ವಾಯುಚಲನೆಯ ಕೈಯಲ್ಲಿದೆ. ಹ್ಯಾಡ್ಲಿ ಸುತ್ತು ಧ್ರುವಗಳ ಕಡೆಗೆ ಹಿಗ್ಗುತ್ತಿರುವುದನ್ನು ಅಧ್ಯಯನಗಳು ಗುರುತಿಸಿವೆ. ಒಣಪ್ರದೇಶಗಳ ಅಂಚಿನಲ್ಲಿ ಬದುಕುವವರಿಗೆ ಅದು ಚಿಂತೆಯ ಸುದ್ದಿ. ಹ್ಯಾಲಿಗೆ ಹಡಗುಗಳೂ ವಾಕರ್‌ಗೆ ಖಂಡಖಂಡಗಳ ವೀಕ್ಷಣಾಲಯಗಳೂ ಸಿಕ್ಕವು. ಇಂದಿನವರಿಗೆ ಉಪಗ್ರಹಗಳ ಜೊತೆಗೆ ಕಡಲಲ್ಲಿ ತೇಲುವ ಮಾಪಕಗಳೂ ಹಳ್ಳಿಹಳ್ಳಿಯ ಮಳೆಮಾಪಕಗಳೂ ಬೇಕು. ಅವುಗಳ ಅಂಕಿಗಳು ಗಡಿ ನೋಡದೆ ಹಂಚಿಕೆಯಾಗಬೇಕು. ಗಾಳಿಗೆ ಗಡಿಯಿಲ್ಲದಿರುವಾಗ ಅದನ್ನು ಅಳೆದ ಲೆಕ್ಕಕ್ಕೆ ಗಡಿ ಹಾಕಿದರೆ ನಷ್ಟ ಎಲ್ಲರದೂ.