ರೆಫ್ ಕರ್ಸರ್
ಡೇಟಾಬೇಸಿನಲ್ಲಿಯೇ ಹೆಸರಿಟ್ಟು ಉಳಿಸಿಕೊಂಡ ಆದೇಶಗಳ ಗುಚ್ಛವಾದ ಸ್ಟೋರ್ಡ್ ಪ್ರೊಸೀಜರ್, ಪ್ರಶ್ನೆಗೆ ದೊರೆತ ಸಾಲುಗಳನ್ನು ಒಟ್ಟಾಗಿ ಕಳುಹಿಸದೆ, ಅವುಗಳನ್ನು ಓದಲು ಬೇಕಾದ ಗುರುತನ್ನಷ್ಟೇ ತನ್ನನ್ನು ಕರೆದ ತಂತ್ರಾಂಶಕ್ಕೆ ಒಪ್ಪಿಸಿದಾಗ ಆ ಗುರುತನ್ನು ರೆಫ್ ಕರ್ಸರ್ ಎನ್ನುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯ ಒಂದು ದಿನದ ಲಾಟುಗಳ ಪಟ್ಟಿಯನ್ನು ಉದಾಹರಣೆಗೆಂದು ಊಹಿಸಿಕೊಂಡರೆ, ಪ್ರೊಸೀಜರ್ ದಿನಾಂಕವನ್ನು ಪಡೆದು ಕರ್ಸರನ್ನು ತೆರೆಯುತ್ತದೆ. ಲಾಟಿನ ಸಂಖ್ಯೆ, ತೂಕ, ಹರಾಜಿನ ದರಗಳಿರುವ ಸಾಲುಗಳನ್ನು ತಂತ್ರಾಂಶವು ಬೇಕಾದಷ್ಟೇ ಎಳೆದುಕೊಂಡು ಕೊನೆಗೆ ಕರ್ಸರನ್ನು ಮುಚ್ಚಬೇಕು. ಮುಚ್ಚಲು ಮರೆಯುವುದೇ ಇಲ್ಲಿ ಪದೇ ಪದೇ ಆಗುವ ತಪ್ಪು. ಒರಾಕಲ್ ಡೇಟಾಬೇಸಿನಲ್ಲಿ ತೆರೆದ ಕರ್ಸರುಗಳು ಮಿತಿ ಮೀರಿದರೆ 01000 ಸಂಖ್ಯೆಯ ದೋಷ ಎದುರಾಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ವಹಿವಾಟು (ಟ್ರಾನ್ಸಾಕ್ಷನ್) ಮುಗಿದೊಡನೆ ಇಂಥ ಕರ್ಸರ್ ತಾನಾಗಿಯೇ ಮುಚ್ಚಿಕೊಳ್ಳುವುದರಿಂದ ಕರೆ, ಓದು ಎರಡೂ ಒಂದೇ ವಹಿವಾಟಿನೊಳಗೆ ನಡೆಯಬೇಕು. ಎಸ್‌ಕ್ಯೂಎಲ್ ಸರ್ವರ್‌ನಲ್ಲಾದರೋ ಈ ಗೊಡವೆಯಿಲ್ಲ. ಪ್ರೊಸೀಜರಿನೊಳಗಿನ ಸೆಲೆಕ್ಟ್ ಆದೇಶದ ಸಾಲುಗಳು ನೇರವಾಗಿ ಹೊರಬರುತ್ತವೆ.