ಸಾಲ ಅಧಿಕಾರಿ

ಸಾಲ ಅಧಿಕಾರಿ ಎಂದರೆ ಬ್ಯಾಂಕು ಅಥವಾ ಸಹಕಾರ ಸಂಘಕ್ಕೆ ಬರುವ ಸಾಲದ ಅರ್ಜಿಗಳನ್ನು ಪರಿಶೀಲಿಸಿ ಮಂಜೂರಾತಿಗೆ ಶಿಫಾರಸು ಮಾಡುವ, ಅಥವಾ ತಮಗಿರುವ ಮಿತಿಯೊಳಗೆ ತಾವೇ ಮಂಜೂರು ಮಾಡುವ ಅಧಿಕಾರಿ.

ಕರ್ತವ್ಯಗಳು

ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಹಂಗಳದಂತಹ ಕೃಷಿ ಪ್ರದೇಶಗಳಲ್ಲಿ ಬೆಳೆಸಾಲವು ಈ ಹುದ್ದೆಯ ಪ್ರಮುಖ ಹೊಣೆಯಾಗಿದೆ. ಅಧಿಕಾರಿಯು ಪಹಣಿಯಲ್ಲಿ ಜಮೀನಿನ ಒಡೆತನವನ್ನೂ ಹಿಂದಿನ ಋಣಗಳನ್ನೂ ನೋಡಿ, ಋಣಭಾರ ಪತ್ರದೊಡನೆ ತಾಳೆ ಹಾಕುತ್ತಾರೆ. ಬಳಿಕ ಜಮೀನಿಗೆ ಭೇಟಿ ನೀಡಿ ಬೆಳೆ ಹಾಗೂ ನೀರಿನ ಆಸರೆಯನ್ನು ಪರೀಕ್ಷಿಸುತ್ತಾರೆ. ಜಿಲ್ಲಾ ತಾಂತ್ರಿಕ ಸಮಿತಿಯು ಪ್ರತಿ ಬೆಳೆಗೆ ಗೊತ್ತುಪಡಿಸಿದ ಎಕರೆವಾರು ಪ್ರಮಾಣವು ಸಾಲದ ಮೊತ್ತಕ್ಕೆ ಆಧಾರ. 1998ರಲ್ಲಿ ಜಾರಿಗೆ ಬಂದ ಕಿಸಾನ್ ಕ್ರೆಡಿಟ್ ಕಾರ್ಡ್ ಯೋಜನೆಯಡಿ ಈ ಸಾಲ ದೊರೆಯುತ್ತದೆ. ಸಾಲದ ಸದ್ಬಳಕೆ ಮತ್ತು ವಸೂಲಾತಿಯ ಮೇಲ್ವಿಚಾರಣೆಯೂ ಅವರದೇ.

ಕೌಶಲಗಳು

ಲೆಕ್ಕಪತ್ರ ಹಾಗೂ ಕಾನೂನಿನ ಅರಿವಿನ ಜೊತೆಗೆ ಬೆಳೆಯ ಜ್ಞಾನವೂ ಅಗತ್ಯ. ಚೆಂಡು ಹೂವು ಎರಡು–ಮೂರು ತಿಂಗಳಲ್ಲಿ ಕೊಯ್ಲಿಗೆ ಬಂದರೆ, ಅರಿಶಿನವು ಎಂಟು–ಒಂಬತ್ತು ತಿಂಗಳು ಭೂಮಿಯಲ್ಲಿರುತ್ತದೆ. ಮರುಪಾವತಿಯ ಗಡುವು ಕೊಯ್ಲಿಗೆ ಮೊದಲೇ ಬಂದರೆ ರೈತರು ಲೇವಾದೇವಿದಾರರಿಂದ ಹೆಚ್ಚಿನ ಬಡ್ಡಿಗೆ ಕೈಸಾಲ ತಂದು ಬ್ಯಾಂಕಿನ ಸಾಲ ತೀರಿಸಬೇಕಾಗುತ್ತದೆ. ಹಣದ ಸುರಕ್ಷತೆ ಮತ್ತು ಸಾಲಗಾರರ ಹಿತ, ಇವೆರಡನ್ನೂ ಸರಿದೂಗಿಸುವ ವಿವೇಚನೆಯೇ ಈ ವೃತ್ತಿಯ ಮುಖ್ಯ ಅರ್ಹತೆ.