ಅಮೆರಿಕದ ಟಿವಿ ಧಾರಾವಾಹಿಗಳಲ್ಲಿ ಹೆಣ್ಣು ಮತ್ತು ಲೈಂಗಿಕತೆ

ಅಮೆರಿಕದಲ್ಲಿ ಟೆಲಿವಿಷನ್ ಬೆಳೆದದ್ದು ಜಾಹೀರಾತುದಾರರ ದುಡ್ಡಿನಲ್ಲಿ. ತೆರೆಯ ಮೇಲಿನ ಹೆಣ್ಣು ಎಂಥವಳಿರಬೇಕು, ಯಾರನ್ನು ಪ್ರೀತಿಸಬಹುದು ಎಂಬುದನ್ನು ಬಹುಕಾಲ ತೀರ್ಮಾನಿಸಿದ್ದು ಕಥೆಗಾರರಲ್ಲ, ಆ ದುಡ್ಡು. 1952ರಲ್ಲಿ ‘ಐ ಲವ್ ಲೂಸಿ’ ಹಾಸ್ಯ ಸರಣಿಯ ನಾಯಕಿ ಬಸುರಿಯಾದಾಗ ‘ಪ್ರೆಗ್ನೆಂಟ್’ ಎಂಬ ಪದವನ್ನೇ ಸಂಭಾಷಣೆಯಿಂದ ದೂರವಿಡಲಾಯಿತು. ಆ ಕಂತುಗಳನ್ನು ಇಬ್ಬರು ಕ್ರೈಸ್ತ ಧರ್ಮಗುರುಗಳೂ ಒಬ್ಬ ಯಹೂದಿ ರಬ್ಬಿಯೂ ಓದಿ ಒಪ್ಪಬೇಕಿತ್ತು. ಮದುವೆಯಾದವಳ ಪಾಡೇ ಇದಾದರೆ ಉಳಿದವರ ಮಾತೇ ಬೇಡ.

1970ರ ದಶಕದಲ್ಲಿ ಸಲಿಂಗಪ್ರೇಮಿ ಹೆಣ್ಣು ಕಾಣಿಸಿಕೊಂಡಾಗಲೂ ಹಲವು ಸಲ ಅಪರಾಧಿಯಾಗಿಯೇ ಬಂದಳು. 1974ರ ನವೆಂಬರ್‌ನಲ್ಲಿ ‘ಪೊಲೀಸ್ ವುಮನ್’ನ ಒಂದು ಕಂತು ವೃದ್ಧಾಶ್ರಮದ ನಿವಾಸಿಗಳನ್ನು ಕೊಂದು ದೋಚುವ ಮೂವರು ಲೆಸ್ಬಿಯನ್ನರ ಕಥೆ ಹೇಳಿತು. ಹೋರಾಟಗಾರ್ತಿಯರು ಎನ್‌ಬಿಸಿ ವಾಹಿನಿಯ ನ್ಯೂಯಾರ್ಕ್ ಕಚೇರಿಯೊಳಗೇ ಧರಣಿ ಕೂತರು.

‘ಕ್ಯಾಗ್ನಿ ಅಂಡ್ ಲೇಸಿ’ (1982–88) ಈ ಇತಿಹಾಸದ ಒಂದು ಮುಖ್ಯ ತಿರುವು. ಇಬ್ಬರು ಮಹಿಳಾ ಪೊಲೀಸರ ಈ ಧಾರಾವಾಹಿಯನ್ನು ರೂಪಿಸಿದವರು ಬಾರ್ಬರಾ ಅವೆಡಾನ್ ಮತ್ತು ಬಾರ್ಬರಾ ಕಾರ್ಡೆ. ಲೇಸಿಗೆ ಗಂಡ, ಮಕ್ಕಳು. ಕ್ಯಾಗ್ನಿ ಒಂಟಿ, ಮುಂದೆ ಕುಡಿತಕ್ಕೆ ಬಿದ್ದವಳು. ಠಾಣೆಯ ಗಂಡಸರ ಕಣ್ತಪ್ಪಿಸಿ ಹೆಂಗಸರ ಶೌಚಾಲಯದಲ್ಲಿ ನಿಂತು ಅವರು ಆಡುವ ಮಾತುಗಳಲ್ಲೇ ಕಥೆಯ ಜೀವವಿತ್ತು. ಮೊದಲ ಕೆಲವು ಕಂತುಗಳಾಗುತ್ತಲೇ ಸಿಬಿಎಸ್ ವಾಹಿನಿ ಕ್ಯಾಗ್ನಿ ಪಾತ್ರದ ಮೆಗ್ ಫಾಸ್ಟರ್ ಅವರನ್ನು ತೆಗೆದು ಶರಾನ್ ಗ್ಲೆಸ್ ಅವರನ್ನು ತಂದಿತು. ಜೋಡಿ ತೀರಾ ಒರಟು, ನೋಡುವವರು ಲೆಸ್ಬಿಯನ್ನರೆಂದು ತಿಳಿಯುತ್ತಾರೆ ಎಂಬರ್ಥದ ಕಾರಣವನ್ನು ಹೆಸರು ಹೇಳದ ಅಧಿಕಾರಿಯೊಬ್ಬರು ‘ಟಿವಿ ಗೈಡ್’ ಪತ್ರಿಕೆಗೆ ಕೊಟ್ಟರು. ಆದರೂ 1983ರಿಂದ 1988ರವರೆಗೆ ಆರೂ ವರ್ಷ ಡ್ರಾಮಾ ವಿಭಾಗದ ಶ್ರೇಷ್ಠ ನಟಿ ಎಮ್ಮಿ ಪ್ರಶಸ್ತಿ ಗ್ಲೆಸ್ ಅಥವಾ ಲೇಸಿ ಪಾತ್ರದ ಟೈನ್ ಡೇಲಿ ಅವರನ್ನು ಬಿಟ್ಟು ಬೇರೆಡೆ ಹೋಗಲಿಲ್ಲ.

1991ರ ಫೆಬ್ರುವರಿಯಲ್ಲಿ ‘ಎಲ್.ಎ. ಲಾ’ ಧಾರಾವಾಹಿಯ ಇಬ್ಬರು ವಕೀಲೆಯರು ಮುತ್ತಿಟ್ಟುಕೊಂಡರು. ತಿಂಗಳನ್ನು ಗಮನಿಸಬೇಕು: ಫೆಬ್ರುವರಿ, ಮೇ, ನವೆಂಬರ್‌ಗಳ ವೀಕ್ಷಕರ ಎಣಿಕೆಯ ಮೇಲೆ ಜಾಹೀರಾತಿನ ದರ ನಿಂತಿರುತ್ತಿತ್ತು. ಸುದ್ದಿಯಾಯಿತು, ಪ್ರತಿಭಟನೆಯಾಯಿತು, ಆ ಸಂಬಂಧ ಮಾತ್ರ ಮುಂದೆ ಬೆಳೆಯಲೇ ಇಲ್ಲ. ಇಂಥ ಮುತ್ತುಗಳು ಆ ದಶಕದಲ್ಲಿ ಇನ್ನೂ ಕೆಲವು ಬಂದುಹೋದವು.

‘ಬಫಿ ದ ವ್ಯಾಂಪೈರ್ ಸ್ಲೇಯರ್’ನ ವಿಲೋ ಮತ್ತು ಟಾರಾ ಅವರ ಪ್ರೇಮ ಹಾಗಾಗಲಿಲ್ಲ, ವರ್ಷಗಟ್ಟಲೆ ನಡೆಯಿತು. 2001ರಲ್ಲಿ ತೆರೆಯ ಮೇಲಿನ ಅವರ ಮೊದಲ ಮುತ್ತು ಬಂದದ್ದು ನಾಯಕಿಯ ತಾಯಿ ಸತ್ತ ದಿನದ ಕಂತಿನಲ್ಲಿ, ಯಾವ ಬಟ್ಟೆ ಹಾಕಿಕೊಂಡು ಹೋಗಲಿ ಎಂದು ತೋಚದೆ ಅಳುತ್ತಿದ್ದ ವಿಲೋಳನ್ನು ಟಾರಾ ಸಮಾಧಾನಪಡಿಸುವಾಗ. ಮರುವರ್ಷ ಬೇರೊಬ್ಬರಿಗೆ ಹಾರಿಸಿದ ಗುಂಡು ತಗುಲಿ ಟಾರಾ ಸತ್ತಳು. 2016ರಲ್ಲಿ ‘ದ ಹಂಡ್ರೆಡ್’ನ ಲೆಕ್ಸಾಳ ಸಾವೂ ಇನ್ನೊಬ್ಬಳಿಗೆ ಗುರಿಯಿಟ್ಟ ಗುಂಡಿನಿಂದಲೇ, ಪ್ರೇಯಸಿಯ ಜೊತೆ ಕೂಡಿದ ಬೆನ್ನಲ್ಲೇ. ವೀಕ್ಷಕರು ಸುಮ್ಮನಿರಲಿಲ್ಲ. ನಿರ್ಮಾಪಕರು ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು.

ಚಂದಾದ ಮೇಲೆ ನಡೆಯುವ ವಾಹಿನಿಗಳಿಗೆ ಜಾಹೀರಾತು ಕೊಡುವ ಸಾಬೂನು ಕಂಪನಿಯ ಭಯವಿರಲಿಲ್ಲ. ಶೋಟೈಮ್‌ನ ‘ದ ಎಲ್ ವರ್ಡ್’ (2004–09) ಲೆಸ್ಬಿಯನ್ ಗೆಳತಿಯರ ಒಂದಿಡೀ ಬಳಗವನ್ನೇ ತೋರಿಸಿತು. ಹೆಚ್ಚಿನವರು ಲಾಸ್ ಏಂಜಲೀಸ್‌ನ ಉಳ್ಳವರು, ತೆಳ್ಳಗಿನವರು. ಆ ಕೊರತೆ ಬಹುಮಟ್ಟಿಗೆ ತುಂಬಿದ್ದು ನೆಟ್‌ಫ್ಲಿಕ್ಸ್‌ನ ‘ಆರೆಂಜ್ ಈಸ್ ದ ನ್ಯೂ ಬ್ಲ್ಯಾಕ್’ (2013–19). ಮಹಿಳಾ ಜೈಲಿನ ಕಥೆಯಾದ್ದರಿಂದ ವಯಸ್ಸಾದವರು, ಕಪ್ಪು ಮತ್ತು ಲ್ಯಾಟಿನಾ ಹೆಂಗಸರು, ಬಡವರು ಎಲ್ಲರಿಗೂ ಅಲ್ಲಿ ಜಾಗ ಸಿಕ್ಕಿತು. ಜೈಲಿನಲ್ಲಿ ಕೇಶವಿನ್ಯಾಸ ಮಾಡುವ ಟ್ರಾನ್ಸ್ ಮಹಿಳೆ ಸೋಫಿಯಾಳ ಪಾತ್ರ ಲಾವರ್ನ್ ಕಾಕ್ಸ್ ಅವರದು. ಸೋಫಿಯಾಳ ಹಿಂದಿನ ರೂಪವನ್ನು ಅಭಿನಯಿಸಿದವರು ಕಾಕ್ಸ್ ಅವರ ಅವಳಿ ಸೋದರ. 2014ರಲ್ಲಿ ಕಾಕ್ಸ್ ನಟನೆಗಾಗಿ ಪ್ರೈಮ್‌ಟೈಮ್ ಎಮ್ಮಿಗೆ ನಾಮನಿರ್ದೇಶನಗೊಂಡ ಮೊದಲ ಬಹಿರಂಗ ಟ್ರಾನ್ಸ್ ವ್ಯಕ್ತಿಯಾದರು.

ಹಾಗೆಂದು ಜಾಹೀರಾತಿನ ವಾಹಿನಿಗಳು ಕೈಕಟ್ಟಿ ಕೂರಲಿಲ್ಲ. ಅದೇ ವರ್ಷ ಎಬಿಸಿಯ ‘ಹೌ ಟು ಗೆಟ್ ಅವೇ ವಿತ್ ಮರ್ಡರ್’ನಲ್ಲಿ ವಯೋಲಾ ಡೇವಿಸ್ ಅವರ ಪಾತ್ರ ಮಲಗುವ ಮುನ್ನ ಕನ್ನಡಿಯೆದುರು ಕೂತು ವಿಗ್ ಕಳಚಿ, ಅಂಟಿಸಿದ ರೆಪ್ಪೆ ಕಿತ್ತು, ಮೇಕಪ್ ಒರೆಸಿಕೊಳ್ಳುತ್ತದೆ. ಇಂಥ ದೃಶ್ಯ ಬೇಕೆಂದು ಹಟ ಹಿಡಿದವರು ಡೇವಿಸ್ ಅವರೇ. ಗಂಡನಿದ್ದ, ಹಿಂದೆ ಹೆಣ್ಣನ್ನೂ ಪ್ರೀತಿಸಿದ್ದ ಈ ಪಾತ್ರ 2015ರಲ್ಲಿ ಅವರಿಗೆ ಎಮ್ಮಿ ತಂದಿತು; ಡ್ರಾಮಾ ವಿಭಾಗದ ಮುಖ್ಯ ನಟಿ ಪ್ರಶಸ್ತಿ ಕಪ್ಪು ಮಹಿಳೆಗೆ ದೊರೆತದ್ದು ಅದೇ ಮೊದಲು.

ಚಂದಾದ ಕಾಲಕ್ಕೂ ಅದರದೇ ಲೆಕ್ಕಾಚಾರವಿದೆ. 1940ರ ದಶಕದ ಮಹಿಳಾ ಬೇಸ್‌ಬಾಲ್ ಆಟಗಾರ್ತಿಯರ ಪ್ರೇಮವನ್ನು ಮುಚ್ಚುಮರೆಯಿಲ್ಲದೆ ತೋರಿಸಿದ ‘ಎ ಲೀಗ್ ಆಫ್ ದೇರ್ ಓನ್’ಗೆ ಅಮೆಜಾನ್ ಕೊನೆಯದಾಗಿ ನಾಲ್ಕು ಕಂತು ಕೊಡುವುದಾಗಿ ಹೇಳಿ, 2023ರ ಆಗಸ್ಟ್‌ನಲ್ಲಿ ಅವನ್ನೂ ಕೈಬಿಟ್ಟಿತು.